ಕಾಕಾನ ಮರದ ಮಂದಿ

ನಮ್ಮ ಕಾಕಾ ಮರದ ಆನೆಗೂ ನೌಕರಿ ಕೊಡಿಸಿದ ಮನುಷ್ಯ. ನನಗೊಂದು ಕೊಡಿಸುವುದು ಮಾತ್ರ ಆತನಿಂದ ಈವರೆಗೆ ಆಗಿಲ್ಲ! ತಪ್ಪು ಆತನದಲ್ಲ ಬಿಡಿ. ಕಂಡಕಂಡವರ ದನಿ ತೆಗೆಯುವುದೊಂದೇ ವಿದ್ಯೆ ಬಲ್ಲವನಿಗೆ ಯಾರು ತಾನೇ ಕೆಲಸ ಕೊಟ್ಟಾರು?

ಕಾಕಾ ವಿಜಯಪುರದ ಕಡೆಯಿಂದ ಬಂದು ಗೋವಾದ ಕುಡಚಡೆಯಲ್ಲಿ ನೆಲೆ ನಿಂತ ಗೌಂಡಿ ಮೇಸ್ತ್ರಿ. ಅಲ್ಲಿನ ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟುವುದು ಕಸುಬು. ಮನೆಯವರು ಬೇಡವೆಂದು ಬಿಟ್ಟ ಕೆತ್ತನೆಯ ಗೊಂಬೆ, ಕಡಗೋಲು, ಲಟ್ಟಣಿಗೆಗಳೆಲ್ಲ ಆತನ ಸೈಕಲ್ಲೇರಿ ಬರುತ್ತಿದ್ದವು. ಹಳೆಯ ಸಾಮಾನು ಕೂಡಿಸುವವರು ಬಹಳ ಮಂದಿ ಇದ್ದಾರು. ತಂದದ್ದಕ್ಕೆಲ್ಲ ಕೆಲಸ ಹಚ್ಚುವವರನ್ನು ಎಲ್ಲಾದರೂ ಕಂಡಿದ್ದೀರಾ?

“ಸುಮ್ನ ಕುಂತ ಕಟಗಿಗೆ ಹುಳಾ ಹಿಡಿತೈತಿ,” ಎಂಬುದು ಕಾಕಾನ ಸಿದ್ಧಾಂತ. ಹೀಗಾಗಿ ಆನೆಗೆ, ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ನಿಲ್ಲುವ ಕೆಲಸ. ಗಿಳಿಗೆ ಕೊಕ್ಕಿನಲ್ಲಿ ಕಾಕಿಯ ಕನ್ನಡಕ ಹಿಡಿಯುವ ಕೆಲಸ. ಬಂದೂಕಿನ ಸಿಪಾಯಿಗೆ ಹಾಲಿನ ಪಾತೇಲಿಯ ಕಾವಲು. ಬೆಕ್ಕು ಹೊಟ್ಟೆತುಂಬ ಹಾಲು ಕುಡಿದು ಅದೇ ಸಿಪಾಯಿಯ ಕಾಲಿಗೆ ಒರಗಿ ಮಲಗುತ್ತಿತ್ತು. ಆದರೂ ಅವನನ್ನು ಕೆಲಸದಿಂದ ತೆಗೆಯಲಿಲ್ಲ! ಲಟ್ಟಣಿಗೆಗಳಿಗೆ ಪಾಳಿ ಬೇರೆ.

“ಲಟ್ಟಣಗಿ ಮೂರು ತಂದ್ರಿ, ಲಟ್ಟಿಸೋ ಕೈ ಎರಡ ಅದಾವ್ರಿ,” ಎನ್ನುತ್ತಿದ್ದಳು ಕಾಕಿ. ಕಾಕಾನ ಕಿವಿ ಆಗ ಮರದ್ದಾಗುತ್ತಿತ್ತು.

ಒಂದು ದಿನ ನಾನು ಬಾಗಿಲ ಹಿಂದೆ ಅಡಗಿ, ಆನೆಗೆ ತಕ್ಕ ದಪ್ಪ ದನಿಯಲ್ಲಿ, “ಮೇಸ್ತ್ರಿ, ಪಗಾರ ಯಾವಾಗ ಕೊಡ್ತೀರಿ?” ಎಂದೆ.

ಕಾಕಾ ತಿರುಗಿಯೂ ನೋಡದೆ ಹೇಳಿದ: “ಆನಿ ಕೇಳಿದ್ರ ಕೊಡ್ತೇನಿ. ದುಡದೈತಿ. ನೀ ಯಾತಕ್ಕ ಕೇಳ್ತಿ?”

ಊರವರ ಮನೆ ಕೆಡವಿದ ಕಾಕಾನ ಬಾಡಿಗೆ ಮನೆಗೂ ಹೋದ ವರ್ಷ ಪಾಳಿ ಬಂತು. ಮಾಲೀಕ ಅದನ್ನು ಕೆಡವಿ ಫ್ಲ್ಯಾಟು ಕಟ್ಟುತ್ತಾನಂತೆ. ನಮಗೆ ಸಿಕ್ಕ ಹೊಸ ಮನೆಯೋ ಒಂದೇ ಕೋಣೆ. ಮರದ ಮಂದಿ ಒಳಗಿದ್ದರೆ ನಾವು ಹೊರಗೆ! ಬಿಟ್ಟುಹೋದರೆ ಎಲ್ಲ ಜೆಸಿಬಿಯ ಬಾಯಿಗೆ. ಕಾಕಾನಿಗೆ ಊಟ ಸೇರದಾಯಿತು. ಬೇರೆಯವರಿಗೆ ಕೊಟ್ಟುಬಿಡುವುದು ಖರೆ, ಆದರೆ ಅವಕ್ಕೆ ಕೆಲಸವಿರುವ ಮನೆಗೇ ಕೊಡಬೇಕು ಎಂದ.

ಕಲಂಗುಟ್‌ನ ಒಂದು ಹೋಟೆಲಿನ ಮ್ಯಾನೇಜರ್ ಕಡಗೋಲು ಕೇಳಿಕೊಂಡು ಬಂದರು. ಬೆಳಗಾವಿ ಕಡೆಯವರೇ.

“ದಿನಾ ಮಜ್ಜಿಗಿ ಕಡಿತೀರಿ?” ಕಾಕಾ ವಿಚಾರಣೆ ಶುರು ಮಾಡಿದ.

“ಛೇ, ಇಲ್ರಿ. ಗ್ವಾಡಿಗೆ ತೂಗಹಾಕಿ ಲೈಟ್ ಬಿಡ್ತೇವ್ರಿ. ಭಾಳ ಚಲೋ ಕಾಣಿಸ್ತೈತಿ.”

“ಹುಡುಗೀನ ಕೊಟ್ರ ಗ್ವಾಡಿಗೆ ತೂಗಹಾಕ್ತೀರೇನ್ರಿ?”

ಮ್ಯಾನೇಜರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಕಡಗೋಲು ಕೊನೆಗೆ ಹಿಂದಿನ ಓಣಿಯ ಕೊಂಕಣಿ ಹೆಂಗಸಿನ ಮನೆ ಸೇರಿತು. ಕಾಕಾ ಬೀಗರ ಮನೆಗೆ ಹೋದಂತೆ ಹೋಗಿ, ಎರಡು ಲೋಟ ಮಜ್ಜಿಗೆ ಕುಡಿದು ಬಂದು, “ಅಕಿ ಅರಾಮದಾಳ,” ಎಂದ. ಆನೆ, ಗಿಳಿ, ಕೈಲಾಗದ ಆ ಸಿಪಾಯಿ ಕೂಡ ಒಂದೊಂದು ಮನೆ ಸೇರಿದರು.

ಉಳಿದವಳು ಒಬ್ಬಳೇ. ಕಾಲು ಮಡಚಿ ಕೂತ ಒಂದು ಹೆಣ್ಣು ಗೊಂಬೆ. ಎರಡೂ ಕೈ ಮುರಿದಿದ್ದವು. ಮೊದಲು ಆ ಕೈಗಳಲ್ಲಿ ದೀಪವಿತ್ತೋ ಕೂಸಿತ್ತೋ, ಯಾರಿಗೆ ಗೊತ್ತು? ಕಾಕಾ ಅವಳಿಗೆ ಕೀಲಿಕೈ ತೂಗುಹಾಕಿದ, ಜಾರಿ ಬಿದ್ದವು. ಕನ್ನಡಿ ಒರಗಿಸಿದ, ಅವಳೇ ಉರುಳಿದಳು. ಯಾವ ಮನೆಯವರೂ ಬೇಡವೆಂದರು.

ಸಾಮಾನಿನ ಟೆಂಪೊ ಬಾಗಿಲಿಗೆ ಬಂದು ನಿಂತಿತು. ಕಾಕಾ ಅವಳನ್ನು ಎತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ.

“ಇಕಿಗೊಂದ ಕೆಲಸಾ ಸಿಗಲಿಲ್ಲಲೇ,” ಎಂದ. ದನಿ ಸಣ್ಣದಾಗಿತ್ತು. ನಾನು ಚೇಷ್ಟೆಗೆಂದು ತೆರೆದ ಬಾಯಿ ಮುಚ್ಚಿಕೊಂಡೆ.

ಕಾಕಿ ಬಂದು ಗೊಂಬೆಯನ್ನು ಇಸಿದುಕೊಂಡು, ತನ್ನ ಸೀರೆಗಳ ಗಂಟಿನೊಳಗೆ ಇಟ್ಟಳು.

“ಇಕಿ ನನ್ನ ಕೂಡ ಬರ್ತಾಳ. ಸುಮ್ನ ಕೂಡ್ಲಿ ಬಿಡ್ರಿ. ಎಲ್ಲಾರೂ ಯಾಕ ದುಡೀಬೇಕು? ಒಬ್ಬಾಕಿಯಾದ್ರೂ ಕೂಡ್ಲಿ.”

ಕಾಕಾ ಕಾಕಿಯ ಮುಖ ನೋಡಿದ.

ಮರುದಿನ ಬೆಳಿಗ್ಗೆ ಹೊಸ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಿಗೆ ಎಚ್ಚರವಾಯಿತು. ಒಲೆಯ ಮುಂದೆ ಕಾಕಾ ನಿಂತಿದ್ದ. ಹಾಲು ಅರ್ಧ ಒಲೆಯ ಮೇಲೆ ಚೆಲ್ಲಿತ್ತು. ಓಡಿಬಂದ ಕಾಕಿಗೆ ಅವನು ಕಿಟಕಿಯ ಕಡೆ ಕೈ ತೋರಿಸಿದ. ಗೊಂಬೆ ಅಲ್ಲಿ ರಸ್ತೆ ನೋಡುತ್ತ ಕೂತಿತ್ತು.

“ಹೋಗು, ಅಕಿ ಬಾಜೂಕ ಕೂಡು. ಚಾ ನಾ ತರ್ತೇನಿ.”

ಚಹಾಕ್ಕೆ ಸಕ್ಕರೆ ಬಿದ್ದಿರಲಿಲ್ಲ. ಕಾಕಿ ಅದನ್ನು ಹೇಳಲೂ ಇಲ್ಲ, ಏಳಲೂ ಇಲ್ಲ.