ಆಷಾಢದಲ್ಲಿ ದೀಪಾವಳಿ

ನಮ್ಮ ಚಿಕ್ಕಪ್ಪ ಹೆದರದೇ ಇರುವ ಒಂದೇ ಒಂದು ವಸ್ತು ಈ ಭೂಮಿಯ ಮೇಲಿದ್ದರೆ ತಂದು ತೋರಿಸಿ, ನೋಡೋಣ! ಯಳಂದೂರಿನ ಮನೆಗೆ ಬೀಗ ಹಾಕಿದರೆ ಸಾಲದು, ಅದಕ್ಕೆ ಜೋತುಬಿದ್ದು ಎಳೆದು ನೋಡಬೇಕು. ಹೋದ ವರ್ಷ ಆ ಎಳೆತಕ್ಕೇ ಚಿಲಕ ಕಿತ್ತುಬಂತು. "ನೋಡ್ದಾ? ಭದ್ರ ಇಲ್ಲ ಅಂತ ನಾ ಏಳ್ನಿಲ್ವಾ!" ಎಂದು ನನ್ನ ಮೇಲೇ ಗೆದ್ದರು.

ಇಂಥವರು ಒಂದು ಕಾಲಕ್ಕೆ ಕೊಳ್ಳೇಗಾಲದ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದರು ಎಂದರೆ ನಂಬುತ್ತೀರಾ? ಊದುವುದರಲ್ಲಿ ಗಟ್ಟಿಗರೇ. ಆದರೆ ಸರಿಯಾಗಿ ಗಟ್ಟಿಮೇಳದ ಹೊತ್ತಿಗೆ ಟ್ರಂಪೆಟ್ ಕೆಳಗಿಳಿಸಿ ಮದುಮಗನಿಗೆ, "ಗಂಟು ಬಿಗಿಯಾಗಿ ಆಕಪ್ಪಾ, ಬಿಚ್ಕಂಡ್ರೆ ಕಷ್ಟ!" ಎಂದು ಕೂಗುತ್ತಿದ್ದರಂತೆ. ಹೆಣ್ಣಿನ ಕಡೆಯವರು ಇವರನ್ನು ಅಡುಗೆಮನೆಯ ಹಿಂದೆ ನಿಲ್ಲಿಸಿ ಊದಿಸಿದ್ದೂ ಉಂಟು!

ಆ ದಿನಗಳಲ್ಲೇ ಅವರು ದೀಪಾವಳಿಗೆಂದು ಒಂದು ಹಾಡು ಕಟ್ಟಿ, ತಾವೇ ಹಾಡಿ, ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟರು. ಸಾಲು ಮುಗಿದಲ್ಲಿ ಗಕ್ಕನೆ ನಿಂತು, ಮತ್ತೆ ಚಂಗನೆ ಜಿಗಿಯುವ ಆ ಧಾಟಿಗೆ ನಮ್ಮ ಬೀದಿಯ ಮಕ್ಕಳೆಲ್ಲ ಕುಣಿದವರೇ. ಈಗ ಟೇಪು ಸವೆದು, ಹಾಡಿಗಿಂತ ಕರಕರವೇ ಹೆಚ್ಚು. ಚಿಕ್ಕಪ್ಪನ ಮಗಳು ಮಂಗಳ ಅದನ್ನು ಹೊಸದಾಗಿ ರೆಕಾರ್ಡ್ ಮಾಡಿಸಲು ಹಟ ಹಿಡಿದಳು. ಸಿನಿಮಾ ಹಾಡುಗಳಿಗೆ ನುಡಿಸುವ ಮೈಸೂರಿನ ಪಳಗಿದ ವಾದ್ಯಗಾರರಿಗೆ ಕೇಳಿಸಿದಳು. ಅವರಲ್ಲಿ ಸ್ಯಾಕ್ಸೊಫೋನ್ ನುಡಿಸುವವರು ಚಿಕ್ಕಪ್ಪನಿಗೇ ಫೋನ್ ಮಾಡಿ, "ಸರ್, ಇದು ಅಪ್ಪಟ ಜಾಝ್!" ಎಂದರು.

"ಜಾಸ್ತಿಯಾಯ್ತಾ ಸಾ? ಕಮ್ಮಿ ಮಾಡ್ತೀನಿ ಬುಡಿ," ಎಂದರು ಚಿಕ್ಕಪ್ಪ, ಗಾಬರಿಯಿಂದ.

ಮೈಸೂರಿಗೆ ಮಾತ್ರ ಬರಲೊಲ್ಲರು. ಸ್ಟುಡಿಯೋಗೆ ಕಿಟಕಿಯೇ ಇರುವುದಿಲ್ಲವಂತೆ, ಉಸಿರು ಕಟ್ಟಿದರೆ? ಕೊನೆಗೆ ತಂಡದವರೇ ವ್ಯಾನು ಮಾಡಿಕೊಂಡು ಕೊಳ್ಳೇಗಾಲಕ್ಕೆ ಬಂದರು. ಆಷಾಢ ಮಾಸ, ಮದುವೆಗಳಿಲ್ಲದೆ ಬಿಕೋ ಎನ್ನುತ್ತಿದ್ದ ಕಲ್ಯಾಣ ಮಂಟಪವೊಂದರಲ್ಲಿ ಮೈಕು, ಡ್ರಮ್ಮು, ಕೀಬೋರ್ಡು ಹೂಡಿದರು.

ಯಳಂದೂರಿನಿಂದ ಬಸ್ಸಿನಲ್ಲಿ ಚಿಕ್ಕಪ್ಪನ ಪಕ್ಕ ಕೂತವನು ನಾನು. "ಆಷಾಡ್ದಲ್ಲಿ ದೀಪಾವಳಿ ಮಾಡುದ್ರೆ ದೇವ್ರು ಸುಮ್ಕಿದ್ದಾನಾ? ಗಂಟ್ಲು ಕಟ್ಕಂಡ್ರೆ ಏನ್ಲಾ ಮಾಡದು?" ಎಂದು ದಾರಿಯುದ್ದಕ್ಕೂ ಗೊಣಗಿದರು. ನಾನು ನಗುತ್ತಲೇ ಇದ್ದೆ. ಊರು ಹತ್ತಿರವಾದಾಗ ಮೆಲ್ಲಗೆ, "ಅವ್ರು ಅಷ್ಟ್ ದೊಡ್ ಜನ ಕಣ್ಲಾ. ನಾ ಕೆಡುಸುದ್ರೆ ಮಗಳ ಮರ್ವಾದೆ ಓಯ್ತದೆ," ಎಂದರು. ನನ್ನ ನಗು ಅಲ್ಲೇ ಇಂಗಿತು.

ಹೆದರಿದ್ದೇ ಆಯಿತು! ಮೊದಲ ಸಲ ದನಿಯೇ ಹೊರಡಲಿಲ್ಲ. ಆಮೇಲೆ ಹೊರಟಿತು, ಆದರೆ ಚಳಿಗೆ ಸಿಕ್ಕ ಮೇಕೆಮರಿಯ ಹಾಗೆ. ಬಿಸಿನೀರು ಕುಡಿಸಿದೆವು, ಲವಂಗ ಅಗಿಸಿದೆವು. ಸಂಜೆಯೊಳಗೆ ತಂಡ ಮೈಸೂರಿಗೆ ಮರಳಬೇಕು. ಮಂಗಳ ಉಗುರು ಕಚ್ಚುತ್ತ ಮೂಲೆಯಲ್ಲಿ ಕೂತಿದ್ದಳು.

ಸ್ಯಾಕ್ಸೊಫೋನಿನವರು ಸಮಾಧಾನವಾಗಿ ಕೇಳಿದರು: "ಸಾಲು ಮುಗಿದ ಮೇಲೆ ಅಷ್ಟು ಹೊತ್ತು ಯಾಕೆ ನಿಲ್ಲಿಸ್ತೀರಿ ಸರ್?"

"ಅಲ್ಲಿ ಪಟಾಕಿ ಒಡೀತದೆ ಸಾ."

"ಯಾವ ಪಟಾಕಿ?"

"ಬೀದೀಲಿ ಒಡೀತಿತ್ತಲ್ಲ, ಅದು. ಅದು ಒಡುದ್ ಮೇಲೆ ಮುಂದಿನ್ ಸಾಲ್ನ ಏಳದು."

ವಾದ್ಯಗಾರರು ಮುಖ ಮುಖ ನೋಡಿಕೊಂಡರು. ಡ್ರಮ್ಮಿನವರು ನಕ್ಕು, "ಹಾಗಾದ್ರೆ ಪಟಾಕಿ ನನ್ನ ಜವಾಬ್ದಾರಿ," ಎಂದರು.

"ಮಗಾ, ನೀ ಇಲ್ಲೇ ಬಂದು ನಿಂತ್ಕೊ," ಎಂದು ಚಿಕ್ಕಪ್ಪ ಮಂಗಳನನ್ನು ಮೈಕಿನ ಹತ್ತಿರ ಕರೆದರು. ವಾದ್ಯಗಳು ಶುರುವಾದವು. ಮೊದಲ ಸಾಲನ್ನು ನಡುಗುತ್ತಲೇ ದಾಟಿಸಿ ನಿಂತರು. ಡ್ರಮ್ಮಿನವರು ಢಮ್ಮೆಂದು ಬಾರಿಸಿದರು! ಖಾಲಿ ಮಂಟಪವೆಲ್ಲ ಗುಡುಗಿತು. ಮುಗಿಯಿತು, ಚಿಕ್ಕಪ್ಪ ಬಾಗಿಲಿಗೆ ಓಡಿದರು ಅಂದುಕೊಂಡೆ.

ಓಡಲಿಲ್ಲ. ಗಕ್ಕನೆ ತಿರುಗಿ, ಎರಡೂ ಅಂಗೈಗಳಿಂದ ಮಂಗಳನ ಕಿವಿ ಮುಚ್ಚಿದರು.

ಬ್ಯಾಂಕಿನಲ್ಲಿ ಮ್ಯಾನೇಜರು ಅವಳು, ಎರಡು ಮಕ್ಕಳ ತಾಯಿ. ಚಿಕ್ಕಂದಿನಲ್ಲಿ ಪಟಾಕಿ ಸದ್ದಿಗೆ ಕಿಟಾರನೆ ಕಿರುಚಿ ಮಂಚದಡಿ ಸೇರುತ್ತಿದ್ದಳು. ಚಿಕ್ಕಪ್ಪ ಬಗ್ಗಿ, ಸದ್ದಾದಾಗಲೆಲ್ಲ ಅವಳ ಕಿವಿ ಮುಚ್ಚಿ, ನಡುನಡುವೆ ಏನೋ ಹಾಡಿ ನಗಿಸಿ ಈಚೆಗೆ ಕರೆಯುತ್ತಿದ್ದರು.

ಅವಳ ಕಿವಿ ಹಿಡಿದುಕೊಂಡೇ ಎರಡನೆಯ ಸಾಲು ಎತ್ತಿಕೊಂಡರು. ದನಿಯಲ್ಲಿ ನಡುಕವಿರಲಿಲ್ಲ. ಯಾರೂ ನಿಲ್ಲಿಸಲಿಲ್ಲ. ಸ್ಯಾಕ್ಸೊಫೋನು ಅವರ ಹಿಂದೆಯೇ ಹೆಜ್ಜೆಯಿಡುತ್ತ ಬಂತು. ಹಾಡು ಮುಗಿಯುವವರೆಗೂ ಚಿಕ್ಕಪ್ಪ ಕೈ ತೆಗೆಯಲಿಲ್ಲ, ಮಂಗಳನೂ ಬಿಡಿಸಿಕೊಳ್ಳಲಿಲ್ಲ. ಆ ಮಂಟಪದಲ್ಲಿ ಹಾಡು ಸರಿಯಾಗಿ ಕೇಳಿಸದವಳು ಅವಳೊಬ್ಬಳೇ. ಕಣ್ಣು ಮುಚ್ಚಿ, ನಗುತ್ತ ನಿಂತಿದ್ದಳು.