ಮಸರಕಲ್ಲಿನ ಹದಿನೇಳು ಹೆಣಗಳು

ಬಿಡಿ ಹಾಳೆಗಳನ್ನು ಹೊಲಿದುಕೊಡಲೆಂದು ಮಸರಕಲ್ಲಿನ ಶಾಲೆಯ ಮಾಸ್ತರ ಕನಕರಾಯ ತನ್ನ ಪತ್ತೇದಾರಿ ಕಾದಂಬರಿಯನ್ನು ದರ್ಜಿ ಜಿಲಾನಿ ಪಾಷಾನ ಕೈಗೆ ಕೊಟ್ಟದ್ದೇ ತಪ್ಪಾಯಿತು. ಪಾಷಾ ಹೊಲಿಯುವ ಮೊದಲು ಓದಿದ. ಓದಿದ ಮೇಲೆ ಊರಿಗೆಲ್ಲ ಹೇಳಿದ.

ಕಾದಂಬರಿ ಡಿಸೆಂಬರಿನ ಚಳಿಯಲ್ಲಿ ನಡೆಯುತ್ತಿತ್ತು. ಕನಕರಾಯ ಓದಿದ ಅನುವಾದಗಳಲ್ಲೆಲ್ಲ ಕೊಲೆಗಾರನ ಹೆಜ್ಜೆ ಹಿಮದ ಮೇಲೆ ಮೂಡುತ್ತಿತ್ತು. ಮಸರಕಲ್ಲಿಗೆ ಹಿಮ ಎಲ್ಲಿಂದ ತರಬೇಕು? ಗಡಿಗೆಪ್ಪನ ರೈಸ್ ಮಿಲ್ಲಿನಲ್ಲಿ ಮೊಣಕಾಲುದ್ದ ತೌಡು ಬಿದ್ದಿರುತ್ತಿತ್ತು. ಹೆಜ್ಜೆಗಳನ್ನು ಅಲ್ಲಿ ಮೂಡಿಸಿದ. ಮಿಲ್ಲು ಸಿಕ್ಕ ಮೇಲೆ ಹೆಣಕ್ಕೂ ಗಡಿಗೆಪ್ಪನ ಹೆಸರನ್ನೇ ಇಟ್ಟುಬಿಟ್ಟ. ಕೊಂದವನಿಗೆ ಊರಿನ ಕುರಿಗಾರ ಯಮನೂರಪ್ಪನ ಹೆಸರು.

ರಾಯಚೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಹನುಮಂತ್ರಾಯರು ಆ ವರ್ಷ, 1981ರಲ್ಲಿ, ಪುಸ್ತಕಕ್ಕೂ ಕೈಹಾಕಿದ್ದರು. ಈ ಭಾನುವಾರ ನಾಲ್ಕರ ಬಸ್ಸಿಗೆ ಬಂದು ಐದರ ಬಸ್ಸಿಗೆ ಮರಳುವವರಿದ್ದರು. ಕಾದಂಬರಿ ಪೂರ್ತಿ ಇದ್ದರೆ ಒಯ್ಯುತ್ತಾರೆ. ಇಲ್ಲದಿದ್ದರೆ ಮಾನ್ವಿಯ ಇನ್ನೊಬ್ಬ ಲೇಖಕನದು ಅಚ್ಚಾಗುತ್ತದೆ.

ಭಾನುವಾರ ಬೆಳಿಗ್ಗೆ ಗಡಿಗೆಪ್ಪ ಬಂದು ಬಾಗಿಲು ಬಡಿದಾಗ ಕನಕರಾಯ ಕಣದಲ್ಲಿ ಸಿಕ್ಕ ಇಲಿಯಂತೆ ಹಿತ್ತಲಿಗೆ ಓಡಿದ. ಗಡಿಗೆಪ್ಪ ಸುತ್ತುಹಾಕಿ ಅಲ್ಲಿಗೂ ಬಂದ. ಕೈಯಲ್ಲಿ ಬಡಿಗೆಯಿರಲಿಲ್ಲ, ಬೆಲ್ಲದ ಗಂಟಿತ್ತು.

“ಮಾಸ್ತರ, ಹೋದ ವಾರ ಕಾಗಿ ತಲಿ ಬಡದು ಹೋಗಿತ್ತು. ಬೀಗರಿಗೆ ನೀವು ಸತ್ತ ಸುದ್ದಿ ಮುಟ್ಟಿಸ್ರಿ, ಗಂಡಾಂತರ ಕಳೀತದ ಅಂದಿದ್ರು ಹಿರ್ಯಾರು. ಬೀಗರ ಮುಂದ ಆ ಸುಳ್ಳು ಹೇಳಾಕ ನನಗ ಬಾಯಿ ಬರಲಿಲ್ಲ. ನೀವು ಅದನ್ನ ಕಾದಂಬರ್ಯಾಗ ಬರದು ಬಿಟ್ರಿ. ರಾತ್ರಿ ಏನ್ ನಿದ್ದಿ ಅಂತೀರಿ.”

ಸಾವಿನ ಸುಳ್ಳು ಸುದ್ದಿ ಆಯುಷ್ಯ ಹೆಚ್ಚಿಸುತ್ತದೆಂಬುದು ಊರಿಗೆಲ್ಲ ಗೊತ್ತಿದ್ದದ್ದೇ. ಬಾಯಿಮಾತಿನ ಸುಳ್ಳಿಗೇ ಅಷ್ಟಾದರೆ ಅಚ್ಚಾದ ಸುಳ್ಳಿಗೆ ಎಷ್ಟು ವರ್ಷ ಸಿಗಬಹುದೆಂದು ಕಟ್ಟೆಯ ಮೇಲೆ ವಾದ ಶುರುವಾಯಿತು. ಹತ್ತು ಗಂಟೆಗೆ ಕನಕರಾಯನ ಪಡಸಾಲೆ ರೇಷನ್ ಅಂಗಡಿಯಾಗಿತ್ತು.

ಎಲ್ಲರಿಗಿಂತ ಮುಂದೆ ಮುದುಕಿ ಕರೆಮ್ಮ. “ಸಾಹುಕಾರ್ರು ಅಷ್ಟ ಸಾಯಬೇಕೇನಪಾ? ಬಡವರ ಜೀವ ಜೀವ ಅಲ್ಲೇನು? ಬರಕೋ ನನ್ನ ಹೆಸರು.”

ಬರೆದ. ಮುದುಕಪ್ಪ ತನ್ನನ್ನು ಬಾವಿಗೆ ಮಾತ್ರ ನೂಕಬೇಡವೆಂದು ಬೇಡಿಕೊಂಡ. ಚಳಿಗಾಲ, ಮೊದಲೇ ಕೆಮ್ಮು. ಶರಣಮ್ಮನಿಗೆ ಬಂದೂಕೇ ಬೇಕಿತ್ತು, ಆದರೆ ಹೊಸ ಸೀರೆಗೆ ರಕ್ತ ಹತ್ತಬಾರದು. ಅಮೀರ್ ಸಾಬ್ ವಿಷಕ್ಕೆ ಒಪ್ಪಿದ. ಅದನ್ನೂ ಚಹಾದಲ್ಲಿ ಬೇಡವೆಂದು ಖೀರಿನಲ್ಲಿ ಹಾಕಿಸಿಕೊಂಡ. ಮಧ್ಯಾಹ್ನ ಯಮನೂರಪ್ಪನೂ ಬಂದು ಕೂತ. ಅಪ್ಪ ಕೊಲೆಗಾರನೆಂದು ತಿಳಿದರೆ ಮಗಳಿಗೆ ಗಂಡು ಸಿಗುವುದಿಲ್ಲ, ತನ್ನನ್ನೂ ಹೆಣಗಳಲ್ಲಿ ಸೇರಿಸಬೇಕು ಎಂದ. ಕನಕರಾಯ ಸೇರಿಸಿದ. ಖಾಲಿಯಾದ ಕೊಲೆಗಾರನ ಜಾಗಕ್ಕೆ ಊರಲ್ಲಿ ಒಬ್ಬರೂ ಮುಂದೆ ಬರಲಿಲ್ಲ.

ಮೂರೂವರೆಗೆ ಹೆಣಗಳು ಹದಿನೇಳಾದವು. ಕನಕರಾಯನ ಬೆರಳುಗಳು ಬದನೆಕಾಯಿಯಂತೆ ಊದಿದ್ದವು. ಬೇರೆ ದಾರಿ ಕಾಣದೆ ತನ್ನನ್ನೇ ಕೊಲೆಗಾರನನ್ನಾಗಿ ಮಾಡಿ, ಕೈಗೆ ಬೇಡಿ ಹಾಕಿಸಿ, ಮುಕ್ತಾಯ ಎಂದು ಬರೆದು ಬಸ್ಸಿನ ಕಡೆ ಓಡಿದ.

ಹನುಮಂತ್ರಾಯರು ಬೇವಿನ ಮರದ ಕೆಳಗೆ ಕೂತು ಹಾಳೆ ಮಗುಚಿದರು. ಹದಿನೇಳು ಹೆಣಗಳೂ ಸುತ್ತ ನಿಂತು ಅವರ ಮುಖವನ್ನೇ ನೋಡುತ್ತಿದ್ದವು. ಕೊನೆಗೆ ಕನ್ನಡಕ ತೆಗೆದು, ಇಂಥದ್ದನ್ನು ತಾವು ಕಂಡೇ ಇಲ್ಲ, ಮುಂದಿನ ತಿಂಗಳೇ ಅಚ್ಚು ಅಂದರು. ಕನಕರಾಯ ಗಾಳಿಪಟವಾದ.

“ಒಂದೇ ಮಾತು ಮಾಸ್ತರ. ಹೆಸರು ಅಷ್ಟೂ ಬದಲಿ ಮಾಡಬೇಕು. ಖರೇ ಮಂದಿ ಹೆಸರು ಹಾಕಿದ್ರ ಕೋರ್ಟಿಗೆ ನಾ ಅಡ್ಡಾಡಬೇಕಾಗ್ತದ.”

ಆಗಲಿ ಎಂದು ಕನಕರಾಯ ತಲೆಯಾಡಿಸುವಷ್ಟರಲ್ಲಿ ಕಾದಂಬರಿ ಗಡಿಗೆಪ್ಪನ ಕಂಕುಳಲ್ಲಿತ್ತು.

“ಸಾಯೋರು ನಾವು, ಆಯುಷ್ಯ ಇನ್ಯಾರದೋ ಹೆಸರಿಗೇನು? ಆಗೂದಿಲ್ರಿ.”

ಹದಿನೇಳು ಜನ ಒಂದೇ ಮಾತಿಗೆ ನಿಂತರು. ಊರಿನ ಆಯುಷ್ಯ ಊರಲ್ಲೇ ಇರಲೆಂದು ಕಾದಂಬರಿಯನ್ನು ಮಡಿಬಟ್ಟೆಯಲ್ಲಿ ಸುತ್ತಿ, ವಿಭೂತಿ ಹಚ್ಚಿ, ಮಿಲ್ಲಿನ ತಿಜೋರಿಯಲ್ಲಿಟ್ಟು ಕೀಲಿ ಹಾಕಿದರು. ಹನುಮಂತ್ರಾಯರು ಮಾನ್ವಿಯ ಲೇಖಕನಿಗೆ ಕಾಗದ ಬರೆಯಬೇಕೆನ್ನುತ್ತ ಐದರ ಬಸ್ಸು ಹತ್ತಿದರು.

ಕನಕರಾಯ ಬೇವಿನ ಬುಡಕ್ಕೆ ಒರಗಿ ಕೂತ. ಪಾಷಾ ಪಕ್ಕದಲ್ಲಿ ಕೂತು, ಹೊಸ ಹಾಳೆಗಳ ದಪ್ಪ ಕಟ್ಟೊಂದನ್ನು ಅವನ ತೊಡೆಯ ಮೇಲಿಟ್ಟ.

“ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಸ್ತರ. ನಾಳೆ ಬಾಜೂ ಊರು ಅರಕೇರಾದಿಂದ ಎರಡು ಬಂಡಿ ಮಂದಿ ಸಾಯಾಕ ಬರಾಕತ್ತಾರ. ಬುತ್ತಿ ಅವರೇ ಕಟಗೊಂಡು ಬರ್ತಾರಂತ.”