ಅತ್ತೆ ಕೊಡಿಸಿದ ವಾಷಿಂಗ್ ಮಷೀನು

ಬಿಚ್ಚಪ್ಪ ಫೋನಿನಲ್ಲಿ ಹೆಂಡತಿಗೆ ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಚಿಟಿಕೆಯಷ್ಟು.

"ರಿಪೇರಿಯವನು ಬಂದು ಹೋದ ಕಣೇ. ಮಷೀನು ಸರಿಯಾಯ್ತು."

ಮಾತು ಬಾಯಿಂದ ಬಿದ್ದದ್ದೇ ತಡ, ಹಿಂದಿನ ಬಟ್ಟೆ ಒಗೆಯುವ ಕೋಣೆಯಿಂದ ಯಾರೋ ಗಂಟಲಾಳದಲ್ಲಿ ಗುರುಗುಟ್ಟಿದ ಸದ್ದು ಬಂತು. ಮನೆಯಲ್ಲಿ ಅವನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆ ಇರಲಿಲ್ಲ.

"ಅದೇನ್ರೀ ಸದ್ದು?" ಎಂದಳು ಹೆಂಡತಿ.

"ಬೆಕ್ಕು," ಎಂದ ಬಿಚ್ಚಪ್ಪ. ಸದ್ದು ಇನ್ನಷ್ಟು ದಪ್ಪವಾಯಿತು.

"ಸರಿ, ನಾನು ಸಂಜೆ ಬಸ್ಸಿಗೆ ಬರ್ತೀನಿ. ನೀವು ಮಾತ್ರ ಮಷೀನಿಗೆ ಕೈ ಹಚ್ಚಿಲ್ಲ ತಾನೆ?"

"ಛೇ ಛೇ," ಎಂದು ಅವನು ಫೋನಿಟ್ಟ. ಎಡಗೈಯಲ್ಲಿದ್ದ ಸ್ಕ್ರೂಡ್ರೈವರ್ ಬೆವರಿನಿಂದ ಜಾರುತ್ತಿತ್ತು.

ಬಿಚ್ಚಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆ ಕಟ್ಟಡದವರು ಇಟ್ಟದ್ದು. ಹಗಲೆಲ್ಲ ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ತಲೆ ತಗ್ಗಿಸಿ ಕೂರುವ ಮನುಷ್ಯನಿಗೆ ಮನೆಗೆ ಬಂದರೆ ಏನನ್ನಾದರೂ ಬಿಚ್ಚದೆ ಸಮಾಧಾನವಿಲ್ಲ. ಮಿಕ್ಸಿ ಬಿಚ್ಚಿದ, ಇಸ್ತ್ರಿಪೆಟ್ಟಿಗೆ ಬಿಚ್ಚಿದ. ಗೋಡೆ ಗಡಿಯಾರವನ್ನು ಬಿಚ್ಚಿ ಜೋಡಿಸಿದ ಮೇಲೆ ನಾಲ್ಕು ತಿರುಪು ಉಳಿದವು, ಗಡಿಯಾರ ಉಳಿಯಲಿಲ್ಲ. ಆ ದಿನವೇ ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು: "ಇನ್ನೊಂದು ಸಲ ಈ ಮನೇಲಿ ಏನಾದ್ರೂ ಬಿಚ್ಚಿದ್ರೆ, ಅಕ್ಕನ ಮನೆಗೆ ಹೋದವಳು ವಾಪಸ್ ಬರಲ್ಲ." ಅವಳು ತಮಾಷೆಗೆ ಹೇಳುವ ಪೈಕಿಯಲ್ಲ. ಬಿಚ್ಚಪ್ಪನಿಗೆ ಹೆಂಡತಿಯೆಂದರೆ ಪ್ರಾಣ. ಹಾಗಿದ್ದೂ, ಅವಳು ಅಕ್ಕನ ಮನೆಗೆ ಹೊರಟು ನಿಂತಾಗ ವಾಷಿಂಗ್ ಮಷೀನು ಕೆಟ್ಟು ಕೂತರೆ, ಬೆರಳು ಸುಮ್ಮನಿದ್ದೀತೆ? ಹುಟ್ಟುಗುಣ ಸುಟ್ಟರೂ ಹೋಗದು.

ಅದೂ ಎಂಥ ಮಷೀನು! ಅವನ ಅತ್ತೆ ಕೊಡಿಸಿದ್ದು. ಆಕೆ ಹೆಡ್‌ಮೇಡಂ ಆಗಿ ನಿವೃತ್ತರಾದವರು. ಶಾಲೆಯ ಮಕ್ಕಳು ಸುಳ್ಳು ಹೇಳಿದರೆ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ತುಟಿ ಬಿಚ್ಚದೆ ಗಂಟಲಲ್ಲೇ ಗುರ್ ಎನ್ನುತ್ತಿದ್ದರು. ಅಷ್ಟಕ್ಕೇ ಹುಡುಗರ ಚಡ್ಡಿ ಒದ್ದೆಯಾಗುತ್ತಿತ್ತು. ನಿವೃತ್ತಿಯ ನಂತರ ಮಗಳ ಮನೆಗೆ ಬಂದರೆ ಮಷೀನಿನ ಪಕ್ಕ ಸ್ಟೂಲು ಹಾಕಿಕೊಂಡು, ಬಟ್ಟೆ ಒಗೆದು ಮುಗಿಯುವ ತನಕ ಪರೀಕ್ಷೆಯ ಮೇಲ್ವಿಚಾರಣೆಗೆ ಕೂತಂತೆ ಕೂರುತ್ತಿದ್ದರು. ಈ ಅಳಿಯನ ಕೈಯಲ್ಲಿ ಒಂದು ಕೆಲಸವೂ ನೆಟ್ಟಗಾಗದು ಎಂಬುದು ಅವರ ಅಚಲ ನಂಬಿಕೆ. ಹೋದ ವರ್ಷ ತೀರಿಕೊಂಡರು. ನಂಬಿಕೆಯನ್ನೇನೂ ಬದಲಿಸಿಕೊಂಡು ಹೋಗಲಿಲ್ಲ.

ಬಿಚ್ಚಪ್ಪ ಮೆಲ್ಲಗೆ ಹಿಂದಿನ ಕೋಣೆಗೆ ಹೋದ. ಮೋಡ ಕವಿದು ಹಗಲೇ ಮಬ್ಬಾಗಿತ್ತು. ಮಷೀನಿನ ಗುಂಡಿ ಸೊನ್ನೆಯಲ್ಲಿತ್ತು, ಆದರೂ ಅದು ಗುರುಗುಟ್ಟುತ್ತಿತ್ತು. ಡ್ರಮ್ಮು ತಿರುಗುತ್ತಿಲ್ಲ, ನೀರು ಅಲುಗುತ್ತಿಲ್ಲ, ಬರೀ ಸದ್ದು. ಅವನು ಮುಚ್ಚಳದ ಮೇಲೆ ಕೈಯಿಟ್ಟ. ಸದ್ದು ಕಟ್ಟನೆ ನಿಂತಿತು. ಮುಚ್ಚಳ ಮುಟ್ಟಿದರೆ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು.

ಪ್ಲಗ್ ಕೀಳೋಣವೆಂದು ಅವನು ಗೋಡೆಯ ಕಡೆ ತಿರುಗುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರು ಬಂದರು. ಇವರು ದಿನಾ ಬೆಳಿಗ್ಗೆ ಪೇಪರ್ ಓದಲು ಬರುವವರು. ಹಿಂದೆಯೇ, ಗಂಡ ಎಲ್ಲಿ ಹೋಗುತ್ತಾನೆಂದು ನೋಡಲು ದಿನಾ ಬರುವ ಕಂಡಕ್ಟರಮ್ಮ.

"ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ," ಎಂದರು ಕಂಡಕ್ಟರಮ್ಮ ಗಂಡನನ್ನೇ ಮೂಸುತ್ತ. "ಸಿಗರೇಟಾ?"

"ಲೇ, ಅದನ್ನ ಬಿಟ್ಟು ಯಾವ ಕಾಲ ಆಯ್ತು! ನಿನ್ನಾಣೆ, ಮುಟ್ಟಿಲ್ಲ!"

ಗುರ್ ಎಂದಿತು ಮಷೀನು.

ಮೂವರೂ ಅದರ ಕಡೆ ನೋಡಿದರು. ಕಂಡಕ್ಟರು ಬಿಳಿಚಿಕೊಂಡರು. ಅವರೂ ಅತ್ತೆಯ ಗಂಟಲನ್ನು ಬಲ್ಲವರೇ. ಆಕೆ ಬದುಕಿದ್ದಾಗ ಈ ಕೋಣೆಗೆ ಕಾಲಿಟ್ಟವರೇ ಅಲ್ಲ. "ಹೆಡ್‌ಮೇಡಮ್ಮು," ಎಂದು ಪಿಸುಗುಟ್ಟಿ, ಬಗ್ಗಿ, ಕಾಲುಚೀಲದೊಳಗಿಂದ ಸಿಗರೇಟು ಪ್ಯಾಕು ತೆಗೆದು ತಾವಾಗಿಯೇ ಮುಚ್ಚಳದ ಮೇಲಿಟ್ಟರು. ಮಷೀನು ಸುಮ್ಮನಾಯಿತು.

"ಕಂಡಕ್ಟರ್ ಸಾರ್, ಇದು ಮೋಟಾರಿನ ದೋಷ ಅಷ್ಟೇ," ಎಂದು ಬಿಚ್ಚಪ್ಪ ಪ್ಲಗ್ಗಿಗೆ ಕೈ ಹಾಕಿದ.

ಕಂಡಕ್ಟರಮ್ಮ ಅವನ ಕೈಯನ್ನೇ ಹಿಡಿದರು. "ಅಯ್ಯೋ, ಹಿರಿಯರು ಮಾತಾಡ್ತಿರುವಾಗ ಪ್ಲಗ್ ಕೀಳ್ತಾರೇನ್ರೀ? ಸ್ವಲ್ಪ ತಡೀರಿ. ಟೈಲರಕ್ಕನ್ನ ಕರೀತೀನಿ. ನನ್ನ ಪರದೆ ಬಟ್ಟೆ ಏನಾಯ್ತು ಅಂತ ಇವತ್ತು ಇತ್ಯರ್ಥ ಆಗ್ಲಿ."

ಮಹಡಿಯ ಟೈಲರಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇಳಿದು ಬಂದಳು. "ಪರದೆಗೆ ಬಟ್ಟೆ ಸಾಲದೆ ಬಂತು ಕಣಕ್ಕ. ಒಂದು ತುಂಡೂ ಮಿಕ್ಕಿಲ್ಲ," ಎಂದಳು.

ಎಲ್ಲರೂ ಉಸಿರು ಬಿಗಿಹಿಡಿದರು. ನಲ್ಲಿಯಿಂದ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಟೈಲರಕ್ಕ ಗೆದ್ದೆ ಎಂಬಂತೆ ಸೊಂಟದ ಮೇಲೆ ಕೈಯಿಟ್ಟಳು. ಆಗ ಮಷೀನಿನ ಹೊಟ್ಟೆಯಾಳದಿಂದ, ನಿಧಾನವಾಗಿ, ತುಂಬ ಬೇಜಾರಾದವರ ಹಾಗೆ, ಗುರ್ರ್...

"ದಿಂಬಿನ ಕವರು ಹೊಲ್ಕೊಂಡೆ!" ಎಂದು ಕಿರುಚಿದಳು ಟೈಲರಕ್ಕ. ಗುಂಡುಸೂಜಿಗಳೆಲ್ಲ ನೆಲದ ಪಾಲಾದವು. "ಎರಡು ಕವರು, ಮೇಡಂ! ಎರಡೇ!"

ಮುಂದಿನ ಸರದಿ ಕಂಡಕ್ಟರಮ್ಮನದೇ ಆಯಿತು. ಮೆಟ್ಟಿಲ ಕೆಳಗಿನ ಹೂಕುಂಡ, ಬಿಚ್ಚಪ್ಪನ ಹೆಂಡತಿ ಮಗುವಿನಂತೆ ಸಾಕಿದ್ದು, ಬೆಕ್ಕು ಬೀಳಿಸಿ ಒಡೆದದ್ದಲ್ಲವಂತೆ, ಅವರೇ ಒಡೆದದ್ದಂತೆ. ನಿಜ ಹೇಳುವಾಗಲೂ ಆ ಮಷೀನು ಗುರುಗುಟ್ಟುತ್ತಿತ್ತೋ ಏನೋ, ಹೇಳಲಾಗದು. ಅದು ಗುರ್ ಎನ್ನುವ ಮೊದಲು ಅಲ್ಲಿ ಯಾರೂ ನಿಜ ಹೇಳಲಿಲ್ಲ. ಕೊನೆಗೆ ಕಂಡಕ್ಟರು ಹೆಂಡತಿಯ ಮೇಲೆ, ಹೆಂಡತಿ ಟೈಲರಕ್ಕನ ಮೇಲೆ, ಟೈಲರಕ್ಕ ಇಬ್ಬರ ಮೇಲೂ ಹರಿಹಾಯ್ದು, ಜಗಳ ಮುಂದುವರಿಸಲು ತಂತಮ್ಮ ಮನೆಗೆ ಹೋದರು.

ಹೋಗುವಾಗ ಕಂಡಕ್ಟರು ಬಾಗಿಲಲ್ಲಿ ನಿಂತು ಕೇಳಿದರು. "ಅಲ್ಲ ಸಾರ್, ಸಂಜೆ ನಿಮ್ಮ ಮನೆಯವರು ಬಂದಾಗ ನೀವು ಏನು ಹೇಳ್ಬೇಕು ಅಂತಿದ್ದೀರಿ?"

ಬಿಚ್ಚಪ್ಪ ಮಷೀನಿನ ಕಡೆ ನೋಡಿದ. ಅತ್ತೆಯೋ ಮೋಟಾರೋ, ಈ ಗಂಟಲನ್ನು ಸಂಜೆಯೊಳಗೆ ಕಟ್ಟಿಸದಿದ್ದರೆ ಅವನ ಸಂಸಾರ ಮೂರಾಬಟ್ಟೆ.

ಅವನು ಮೂಲೆಯ ಎಲೆಕ್ಟ್ರಿಕಲ್ ಅಂಗಡಿಗೆ ಓಡಿದ. ಅಂಗಡಿಯವನು ಬಾಯಿ ತುಂಬ ಆಕಳಿಸಿ ಹೇಳಿದ: "ಸದ್ದು ಮಾಡುತ್ತೆ, ತಿರುಗಲ್ಲ, ಅಲ್ವಾ? ಮೋಟಾರಿಗೆ ಮೊದಲ ತಳ್ಳು ಕೊಡೋದು ಕೆಪಾಸಿಟರು. ಅದು ಸತ್ರೆ ಮೋಟಾರು ಏಳೋಕಾಗದೆ ನರಳುತ್ತೆ, ಬಿಸಿಯಾಗುತ್ತೆ, ತಾನೇ ನಿಲ್ಲುತ್ತೆ. ತಣ್ಣಗಾದ್ರೆ ಮತ್ತೆ ಶುರು. ಒಳಗಿನ ಚಕ್ರಾನ ಒಂದು ಮರದ ಕೋಲಿಂದ ತಳ್ಳಿ ನೋಡಿ. ತಿರುಗಿದ್ರೆ ಅದೇ ರೋಗ."

"ಗುಂಡಿ ಸೊನ್ನೇಲಿದ್ರೂ ನರಳುತ್ತಲ್ಲ?"

"ಗುಂಡಿ ಒಳಗಿನ ತಗಡು ಸುಟ್ಟು ಅಂಟ್ಕೊಂಡಿರುತ್ತೆ. ಉಜ್ಜಿ ಬಿಡಿಸಿ. ಆದ್ರೆ ಒಂದು ಮಾತು, ಪ್ಲಗ್ ಕಿತ್ತ ಮೇಲೂ ಕೆಪಾಸಿಟರನ್ನ ಬರಿಗೈಲಿ ಮುಟ್ಬೇಡಿ. ಸತ್ತಿದ್ರೂ ಒಳಗೆ ಸ್ವಲ್ಪ ಜೀವ ಇಟ್ಕೊಂಡಿರುತ್ತೆ."

ಹೊಸ ಕೆಪಾಸಿಟರು ಕೊಂಡು ಹೊರಟ ಬಿಚ್ಚಪ್ಪನಿಗೆ ಈ ಕೊನೆಯ ಮಾತು ದಾರಿಯುದ್ದಕ್ಕೂ ಹಿತವಾಗಲಿಲ್ಲ.

ಮನೆ ನಿಶ್ಶಬ್ದವಾಗಿತ್ತು. ಪಕ್ಕದ ಮನೆಯ ಜಗಳವೂ ತಣ್ಣಗಾಗಿತ್ತು. ಅವನು ಮಷೀನಿನ ಹಿಂಬದಿಯ ಹಲಗೆ ಬಿಚ್ಚಿ, ಕಾದು ಕೂತ. ಸದ್ದು ಬಂತು. ಕೋಲಿನಿಂದ ಚಕ್ರವನ್ನು ಬಲಕ್ಕೆ ತಳ್ಳಿದ. ಭರ್ರೆಂದು ಬಲಕ್ಕೆ ತಿರುಗಿತು. ನಿಂತ ಮೇಲೆ ಎಡಕ್ಕೆ ತಳ್ಳಿದ. ಎಡಕ್ಕೆ ತಿರುಗಿತು. ಬದುಕಿದ್ದಾಗ ಒಮ್ಮೆಯೂ ಅವನ ಮಾತು ಕೇಳದ ಅತ್ತೆ ಈಗ ಹೀಗೆ ಹೇಳಿದ ಹಾಗೆ ಕೇಳುವುದು ಅವನಿಗೆ ಧೈರ್ಯ ಕೊಡುವ ಬದಲು ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸಿತು.

ಪ್ಲಗ್ ಕಿತ್ತ. ಹಳೆಯ ಕೆಪಾಸಿಟರಿನ ಎರಡು ತುದಿಗಳಿಗೆ ಸ್ಕ್ರೂಡ್ರೈವರ್ ತಾಗಿಸಿದ. ಚಟ್ ಎಂದು ನೀಲಿ ಕಿಡಿ ಹಾರಿತು. ಬಿಚ್ಚಪ್ಪ ಹಿಂದಕ್ಕೆ ಬಿದ್ದು ಅತ್ತೆ ಕೂರುತ್ತಿದ್ದ ಸ್ಟೂಲನ್ನು ಹಿಡಿದುಕೊಂಡ. ಹಿಡಿದ ಕೂಡಲೇ ಬಿಟ್ಟ. ಯಾರೋ ಈಗ ತಾನೇ ಎದ್ದು ಹೋದಂತೆ ಸ್ಟೂಲು ಬೆಚ್ಚಗಿತ್ತು.

"ಬಿಸಿಲು," ಎಂದುಕೊಂಡ. ಹೊರಗೆ ಮೋಡ ಕವಿದಿತ್ತು.

ಹೊಸ ಕೆಪಾಸಿಟರು ಕೂರಿಸಿದ. ಗುಂಡಿಯೊಳಗೆ ಅಂಟಿದ್ದ ತಗಡನ್ನು ಬಿಡಿಸಿ ಉಜ್ಜಿದ. ಹಲಗೆ ಮುಚ್ಚಿದ. ಒಂದು ತಿರುಪೂ ಉಳಿಯಲಿಲ್ಲ. ಜನ್ಮದಲ್ಲಿ ಮೊದಲ ಸಲ ಹೀಗಾದದ್ದರಿಂದ ಅವನು ಎರಡು ಬಾರಿ ನೆಲವೆಲ್ಲ ತಡಕಿ ನೋಡಿದ. ಪ್ಲಗ್ ಹಾಕಿ ಗುಂಡಿ ತಿರುಗಿಸಿದರೆ ಮಷೀನು ಬೆಣ್ಣೆಯಿಂದ ಕೂದಲು ಎಳೆದಷ್ಟು ನಯವಾಗಿ ತಿರುಗಿತು. ಗುಂಡಿ ಸೊನ್ನೆಗೆ ಬಂದಾಗ ಮೌನವಾಯಿತು. ಒಂದು ಗಂಟೆ ಕಾದು ನೋಡಿದ. ಉಸಿರೇ ಇಲ್ಲ. ಬಿಚ್ಚಪ್ಪನ ಕಣ್ಣಲ್ಲಿ ನೀರು ಬಂತು. ಇಂಥ ಕೆಲಸ ಮಾಡಿಯೂ ಯಾರಿಗೂ ಹೇಳುವ ಹಾಗಿಲ್ಲವಲ್ಲ! ಯಾತಕ್ಕೂ ಇರಲಿ ಎಂದು ಪ್ಲಗ್ ಕಿತ್ತು ವಯರನ್ನು ಗೋಡೆಯ ಮೊಳೆಗೆ ನೇತುಹಾಕಿದ.

ಸಂಜೆ ಹೆಂಡತಿ ಒಬ್ಬಳೇ ಬರಲಿಲ್ಲ. ಮೆಟ್ಟಿಲಲ್ಲೇ ಸುದ್ದಿ ಮುಟ್ಟಿಸಿದ ಮೂವರೂ ಹಿಂದೆ ಬಂದರು. ಅವಳು ಕೈಚೀಲವನ್ನೂ ಇಳಿಸದೆ ನೇರ ಹಿಂದಿನ ಕೋಣೆಗೆ ಹೋಗಿ ಮಷೀನಿನ ಮುಚ್ಚಳದ ಮೇಲೆ ಕೆನ್ನೆಯಿಟ್ಟಳು.

"ಅಮ್ಮಾ," ಎಂದಳು. "ಬಂದಿದ್ದೀಯಂತೆ."

ತಾಯಿ ಹೋದ ಮೇಲೆ ಅವಳು ಹೀಗೆ ಕರೆದದ್ದು ಇದೇ ಮೊದಲು. ನಿಜ ಹೇಳಿಬಿಡೋಣವೆಂದು ಬಿಚ್ಚಪ್ಪನ ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಅವಳು ತಲೆಯೆತ್ತಿದಳು.

"ಅಮ್ಮನ ಎದುರಿಗೆ ಹೇಳಿ. ರಿಪೇರಿಯವನು ಬಂದಿದ್ನಾ?"

"ಬ... ಬಂದಿದ್ದ."

ಐದು ಜೊತೆ ಕಿವಿಗಳು ನೆಟ್ಟಗಾದವು. ಮಷೀನು ಕಮಕ್ ಕಿಮಕ್ ಎನ್ನಲಿಲ್ಲ.

"ನಿಮ್ಮನ್ನ ಸುಮ್ನೆ ಅನುಮಾನಿಸಿದೆ ಕಣ್ರೀ," ಎಂದು ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು. ಬಿಚ್ಚಪ್ಪ ಗೆದ್ದ. ಆದರೆ ಹಿಂದೆ ನಿಂತಿದ್ದ ಕಂಡಕ್ಟರ ಮುಖದಲ್ಲಿ ಏನೋ ಹೊಳೆಯಿತು. ಅವರು ಗಂಟಲು ಸರಿಪಡಿಸಿಕೊಂಡು ಮೆಲ್ಲಗೆ, ಪರೀಕ್ಷಿಸುವವರ ಹಾಗೆ ಹೇಳಿದರು:

"ಬೆಳಿಗ್ಗೆ ಆ ಸಿಗರೇಟು ಪ್ಯಾಕು... ಅದು ನಿಮ್ಮ ಯಜಮಾನ್ರದ್ದು. ನಿಮ್ಮ ಹತ್ರ ಇರ್ಲಿ ಅಂತ ನನಗೆ ಕೊಟ್ಟಿದ್ರು."

ಮಷೀನು ಸುಮ್ಮನಿತ್ತು.

"ಹೌದಾ?" ಎಂದರು ಕಂಡಕ್ಟರಮ್ಮ ಗಂಡನ ಕಡೆ ಪ್ರೀತಿಯಿಂದ ನೋಡಿ. ಅವರಿಗೂ ಹೊಳೆಯಿತು. "ಹೂಕುಂಡಾನೂ ನಿಮ್ಮ ಯಜಮಾನ್ರೇ ಒಡೆದದ್ದಮ್ಮಾ. ಕತ್ತಲಲ್ಲಿ ಸಿಗರೇಟು ಸೇದೋಕೆ ಹೋಗಿ ಒದ್ದರು."

ಮೌನ.

"ಆ ಎರಡು ದಿಂಬಿನ ಕವರು ಹೊಲಿಸ್ಕೊಂಡದ್ದೂ ಇವರೇ," ಎಂದಳು ಟೈಲರಕ್ಕ. "ಯಾರಿಗೆ ಕೊಟ್ರೋ, ನನಗೆ ಗೊತ್ತಿಲ್ಲಪ್ಪ."

ಗಾಢ ಮೌನ. ಹೆಂಡತಿಯ ನಗು ಎಲ್ಲಿಗೋ ಹೋಯಿತು. "ಯಾರಿಗ್ರೀ ದಿಂಬಿನ ಕವರು?"

"ಸುಳ್ಳು! ಎಲ್ಲ ಸುಳ್ಳು!"

"ಸುಳ್ಳಾಗಿದ್ರೆ ಅಮ್ಮ ಸುಮ್ನಿರ್ತಿದ್ಲಾ?"

ಬಿಚ್ಚಪ್ಪ ಮೂವರನ್ನೂ ನೋಡಿದ. ಮೂವರೂ ಛಾವಣಿ ನೋಡುತ್ತಿದ್ದರು. ಹೇಳಿದರೆ ಅಕ್ಕನ ಮನೆಯ ಬಸ್ಸು, ಹೇಳದಿದ್ದರೆ ದಿಂಬಿನ ಕವರು. ದಿಂಬಿನ ಕವರಿಗಿಂತ ಸ್ಕ್ರೂಡ್ರೈವರೇ ಮೇಲು ಎಂದು ತೀರ್ಮಾನಿಸಿ, ಅವನು ಎದೆಯುಬ್ಬಿಸಿ ಕೂಗಿದ:

"ಅಮ್ಮನೂ ಇಲ್ಲ, ಗಿಮ್ಮನೂ ಇಲ್ಲ! ಕೆಪಾಸಿಟರು ಹೋಗಿತ್ತು. ಅದಕ್ಕೇ ಸದ್ದು. ಯಾವ ರಿಪೇರಿಯವನೂ ಬಂದಿಲ್ಲ. ಮಷೀನು ಬಿಚ್ಚಿದ್ದು ನಾನು, ಸರಿ ಮಾಡಿದ್ದೂ ನಾನೇ!"

ಗುರ್ರ್ರ್...

ನೆಲ ನಡುಗಿತು. ಮುಚ್ಚಳ ಅದುರಿತು. ಟೈಲರಕ್ಕ ಕಂಡಕ್ಟರಮ್ಮನನ್ನು ತಬ್ಬಿಕೊಂಡಳು. ಈ ಸಲ ಕಂಡಕ್ಟರು ಛಾವಣಿ ನೋಡಲಿಲ್ಲ, ಬಾಗಿಲು ನೋಡಿದರು.

"ನೋಡಿದ್ರಾ!" ಎಂದಳು ಹೆಂಡತಿ ಸಿಟ್ಟಿನಿಂದ. "ಮಾಡಿದ್ದೆಲ್ಲ ಮಾಡಿ, ಕೊನೆಗೆ ಆ ಬಡಪಾಯಿ ರಿಪೇರಿಯವನ ಕೆಲಸಾನೂ ನಿಮ್ಮದು ಅಂತೀರಾ?"

ಬಿಚ್ಚಪ್ಪ ಗೋಡೆಯ ಕಡೆ ನೋಡುತ್ತಿದ್ದ. ವಯರು ಮೊಳೆಯಲ್ಲಿ ಹಾಗೇ ನೇತಾಡುತ್ತಿತ್ತು, ಪ್ಲಗ್ಗಿನ ಮೂರು ಹಲ್ಲುಗಳು ಗಾಳಿಯಲ್ಲಿದ್ದವು. ಗುರುಗುಟ್ಟುವಿಕೆ ನಿಲ್ಲಲಿಲ್ಲ. ಅದು ಏನನ್ನೋ ಕಾಯುತ್ತಿತ್ತು, ತಪ್ಪು ಉತ್ತರ ಕೊಟ್ಟ ಹುಡುಗ ಸರಿಯಾದದ್ದನ್ನು ಹೇಳುವ ತನಕ ಕಾಯುವ ಹಾಗೆ.

ಬಿಚ್ಚಪ್ಪ ಕೈ ಕಟ್ಟಿ ನಿಂತ.

"ತಪ್ಪಾಯ್ತು ಅತ್ತೆ," ಎಂದ. "ರಿಪೇರಿಯವನೇ ಸರಿ ಮಾಡಿದ್ದು."

ಮಷೀನು ತೃಪ್ತಿಯಿಂದ ಸುಮ್ಮನಾಯಿತು.